ಯಜಮಾನರ ಹೆಸರು

ಮೂಡುಬಿದಿರೆಯ ಆ ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ದೀಪ ಹಚ್ಚಿದ ಮೇಲೆ ಯಾರ ಬಾಯಿಗೂ ಒಂದು ಅಗುಳು ಹೋಗುವುದಿಲ್ಲ. ಮಕ್ಕಳಿಗೂ ಇಲ್ಲ, ಜ್ವರ ಬಂದವರಿಗೂ ಇಲ್ಲ. ಹಾಗಾಗಿ ಶನಿವಾರ ಬಂತೆಂದರೆ ಕಮಲಾವತಿಗೆ ಬಂಟ್ವಾಳದ ಬಸ್ಸಿನದೇ ಚಿಂತೆ. ಬಸ್ಸು ತಡವಾದರೆ ಮಗನಿಗೆ ಉಪವಾಸ.

ಅರವತ್ತೆರಡನೆಯ ಇಸವಿಯ ಮಾರ್ಚಿ ತಿಂಗಳ ಒಂದು ಶನಿವಾರ ಸನತ್‌ಕುಮಾರ ಹೊತ್ತಿಗೆ ಸರಿಯಾಗಿ ಬಂದ. ಕಾಲು ತೊಳೆದು ಎಲೆಯ ಮುಂದೆ ಕೂತವನು ಕಿಸೆಯಿಂದ ಒಂದು ಅಚ್ಚಿನ ಪುಸ್ತಿಕೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಉಣ್ಣುವಾಗ ಕಾಗದ ಎಂತದು ಮಾರಾಯ?” ಎಂದರು ಜಯವರ್ಮರು.

ಜಯವರ್ಮರು ಕಮಲಾವತಿಯ ಅಣ್ಣ, ಆ ಮನೆಯ ಯಜಮಾನರು. ಅದು ಅಳಿಯಕಟ್ಟಿನ ಮನೆ. ಅಲ್ಲಿ ಆಸ್ತಿ ನಡೆಯುವುದು ತಾಯಿಯ ಕಡೆಯಿಂದ, ಆಳುವುದು ತಾಯಿಯ ಅಣ್ಣ. ಜಯವರ್ಮರ ಸ್ವಂತ ಹೆಂಡತಿ ಮಕ್ಕಳು ವೇಣೂರಿನಲ್ಲಿ, ಆ ಹೆಂಡತಿಯ ತವರಿನಲ್ಲಿ ಇದ್ದರು. ಇವರು ಹಬ್ಬಕ್ಕೆ ಹೋಗಿ ಬರುತ್ತಿದ್ದರು. ಕಮಲಾವತಿಯ ಗಂಡ ಪದ್ಮಯ್ಯನವರು ಮುಂಡಾಜೆಯವರು. ಮದುವೆಯಾಗಿ ಏಳು ವರ್ಷಕ್ಕೆ ಒಂದು ಮಾತಿಗೆ ಮಾತು ಬೆಳೆದು ತನ್ನ ತಂಗಿಯ ಮನೆಯ ಯಜಮಾನಿಕೆಗೆಂದು ಹೋದವರು ಮತ್ತೆ ಈ ಅಂಗಳಕ್ಕೆ ಕಾಲಿಡಲಿಲ್ಲ. ಯಾರೂ ಕರೆಯಲೂ ಇಲ್ಲ. ಸನತ್‌ಕುಮಾರನನ್ನೂ ಅವನ ತಂಗಿ ರಾಜೀವಿಯನ್ನೂ ಶಾಲೆಗೆ ಹಾಕಿದ್ದು, ಬಸದಿಗೆ ಕೈಹಿಡಿದು ನಡೆಸಿದ್ದು, ಹುಡುಗನನ್ನು ಮಂಗಳೂರಿನಲ್ಲಿ ಬಿ.ಎ. ಓದಿಸಿದ್ದು ಎಲ್ಲ ಜಯವರ್ಮರೇ.

“ಮುಂಬಯಿಯಲ್ಲಿ ಒಂದು ಕಾಲೇಜು ಉಂಟು ಮಾವ,” ಎಂದ ಸನತ್‌ಕುಮಾರ. “ಅಪರಾಧಶಾಸ್ತ್ರ ಅಂತ ಕಲಿಸ್ತಾರೆ. ಬಿ.ಎ. ಆದವರಿಗೆ ಎರಡು ವರ್ಷ.”

“ಅಪರಾಧಕ್ಕೂ ಶಾಸ್ತ್ರವಾ?”

“ಮಾಡ್ಲಿಕ್ಕೆ ಅಲ್ಲ. ಮಾಡಿದವನನ್ನು ಎಂತ ಮಾಡುವುದು ಅಂತ ತಿಳಿಲಿಕ್ಕೆ.”

“ಮಾಡ್ಲಿಕ್ಕೆ ಕಲಿಯುವುದಾದ್ರೆ ಮುಂಬಯಿ ಯಾಕೆ? ಪೇಟೆಯಲ್ಲೇ ಬೇಕಾದಷ್ಟು ಪಂಡಿತರು ಉಂಟು,” ಎಂದಳು ರಾಜೀವಿ ನೀರು ಬಡಿಸುತ್ತ. ಜಯವರ್ಮರಿಗೆ ನಗು ಬಂತು. ಕಮಲಾವತಿಗೆ ಅಷ್ಟು ಸಾಕಾಯಿತು. ಅಣ್ಣ ನಕ್ಕರೆ ಅರ್ಧ ಒಪ್ಪಿದ ಹಾಗೆ.

ಸನತ್‌ಕುಮಾರ ಬಂಟ್ವಾಳದ ಜೈಲಿನಲ್ಲಿ ತಾತ್ಕಾಲಿಕ ಗುಮಾಸ್ತ. ಅಲ್ಲಿ ಮುಂಡಪ್ಪ ಎಂಬ ಕೂಲಿಯಾಳು ಒಂದು ಗೊನೆ ಬಾಳೆ ಕದ್ದ ಎಂಬ ದೂರಿನ ಮೇಲೆ, ಜಾಮೀನಿಗೆ ನಿಲ್ಲುವವರಿಲ್ಲದೆ ಏಳು ತಿಂಗಳು ಕೂತಿದ್ದ. ಅವನನ್ನು ನೋಡಿದ ಮೇಲೆ ಇವನ ಮಾತೇ ಬೇರೆಯಾಗಿತ್ತು. ಈಗ ಹೊಸ ಕಾನೂನು ಬಂದಿದೆಯಂತೆ. ಸಣ್ಣ ತಪ್ಪಿನವರನ್ನು ಜೈಲಿಗೆ ಹಾಕದೆ ಮನೆಯಲ್ಲೇ ಬಿಟ್ಟು, ಅವರ ಮೇಲೆ ಕಣ್ಣಿಟ್ಟು ತಿದ್ದುವುದಕ್ಕೆ ಒಬ್ಬ ಅಧಿಕಾರಿ ಬೇಕಂತೆ. ಆ ಕೆಲಸಕ್ಕೆ ಈ ಓದು ಬೇಕಂತೆ. ಮನುಷ್ಯನನ್ನು ಹೊಡೆಯದೆ ಬಡಿಯದೆ ತಿದ್ದುವ ಕೆಲಸ ಎಂದು ಕೇಳಿದಾಗ, ಇದು ನಮ್ಮ ಧರ್ಮಕ್ಕೆ ಹೊರತಾದದ್ದಲ್ಲ ಎಂದು ಕಮಲಾವತಿಗೂ ಅನಿಸಿತ್ತು.

ಅವನು ಇಂಗ್ಲಿಷು ನೋಡಿ ಕನ್ನಡದಲ್ಲಿ ಹೇಳುತ್ತ ಹೋದ. ಬಿ.ಎ.ಯಲ್ಲಿ ಎರಡನೆಯ ದರ್ಜೆ ಬೇಕು. ಅದು ಉಂಟು. ಜೂನ್ ತಿಂಗಳಿಗೆ ಇಪ್ಪತ್ತೈದು ದಾಟಿರಬಾರದು. ದಾಟಿಲ್ಲ, ಇಪ್ಪತ್ನಾಲ್ಕು. ನಡತೆಯ ಬಗ್ಗೆ ಇಬ್ಬರು ದೊಡ್ಡವರ ಪತ್ರ. ಪ್ರಾಯಕ್ಕೆ ಸಾಕ್ಷಿಯಾಗಿ ಮೊದಲು ಸೇರಿದ ಶಾಲೆಯ ದಾಖಲೆಯ ನಕಲು, ಮುಖ್ಯೋಪಾಧ್ಯಾಯರೇ ಲಕೋಟೆ ಅಂಟಿಸಿ ನೇರ ಕಳಿಸಬೇಕು. ತಂದೆ ಅಥವಾ ಪೋಷಕರ ಒಪ್ಪಿಗೆ.

“ಜೈಲಿನ ಓದಿಗೆ ಒಪ್ಪಿಗೆ ಬೇರೆ!” ಎಂದರು ಜಯವರ್ಮರು.

“ಬೇಕು ಮಾವ. ಹದಿನೆಂಟು ವಾರ ಜೈಲಿನ ಒಳಗೆ, ತಪ್ಪು ಮಾಡಿದ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡ್ಬೇಕು. ಅದು ಮುಗಿಸಿ, ಒಂದು ಪ್ರಬಂಧ ಬರೆದು, ಪರೀಕ್ಷೆ ಪಾಸಾದ್ರೆ ಮಾತ್ರ ಪದವಿ.”

“ಜೈಲಿನಲ್ಲಿ ಹೊತ್ತು ಮುಳುಗುವ ಮೊದಲು ಅನ್ನ ಕೊಡ್ತಾರಾ?”

“ಕೈದಿಗಳಿಗೆ ಐದು ಗಂಟೆಗೇ ಕೊಡುವುದು.”

“ಹಾಗಾದ್ರೆ ಅವರೇ ನಮಗಿಂತ ಒಳ್ಳೆ ಶ್ರಾವಕರು,” ಎಂದು ಜಯವರ್ಮರು ಕೈ ತೊಳೆಯಲು ಎದ್ದರು. ಮರುದಿನ ಬಸದಿಯಿಂದ ಬಂದವರು ಗಂಧದ ಬೆರಳಿನಲ್ಲೇ ಒಪ್ಪಿಗೆಯ ಗೆರೆಯ ಮೇಲೆ ಹೆಸರು ಬರೆದು, ಕೆಳಗೆ ‘ಪೋಷಕ, ತಾಯಿಯ ಅಣ್ಣ’ ಎಂದೂ ಬರೆದುಕೊಟ್ಟರು. ಮೊದಲ ಪುಟದಲ್ಲಿ ತಂದೆಯ ಹೆಸರು ಎಂಬಲ್ಲಿ ಸನತ್‌ಕುಮಾರ ಪದ್ಮಯ್ಯ ಎಂದು ಬರೆದಿದ್ದ. ಇದ್ದದ್ದು ಇದ್ದ ಹಾಗೆ.

ಮೇ ತಿಂಗಳ ಎರಡನೆಯ ವಾರ ಮುಂಬಯಿಯ ಕಾಗದ ಬಂತು. ಕಮಲಾವತಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ರಾಜೀವಿ ಕಾಗದ ಒಡೆದು ಓದಿದಳು, ಮತ್ತೊಮ್ಮೆ ಓದಿದಳು, ಆಮೇಲೆ ತಾಯಿಯ ಮುಖ ನೋಡದೆ, “ಅಣ್ಣ ಬರಲಿ,” ಎಂದಳು.

“ಸೀಟು ಇಲ್ಲವಾ?”

“ಸೀಟು ಉಂಟು.”

“ಮತ್ತೆ ಎಂತ ಉಂಟು ಹೇಳು.”

ರಾಜೀವಿ ಕಾಗದ ಮಡಚಿಕೊಂಡು ಒಳಗೆ ಹೋದಳು. ಶನಿವಾರ ಸನತ್‌ಕುಮಾರ ಬಂದು ಓದಿದ. ಊಟದ ಎಲೆ ಹಾಕಿತ್ತು. ಅವನು ನಿಂತೇ ಓದಿದ.

ಅಂಕಗಳ ಲೆಕ್ಕದಲ್ಲಿ ಅವನಿಗೆ ಜಾಗ ಸಿಗುವುದು. ಆದರೆ ಅರ್ಜಿಯಲ್ಲಿ ತಂದೆಯ ಹೆಸರು ಪದ್ಮಯ್ಯ ಎಂದಿದೆ. ಶಾಲೆಯ ದಾಖಲೆಯ ನಕಲಿನಲ್ಲಿ ತಂದೆ ಜಯವರ್ಮ, ತಾಯಿ ಕಮಲಾವತಿ ಎಂದಿದೆ. ಒಪ್ಪಿಗೆಗೆ ರುಜು ಹಾಕಿದ ಜಯವರ್ಮರು ತಾವು ತಾಯಿಯ ಅಣ್ಣ ಎಂದು ಬರೆದಿದ್ದಾರೆ. ಒಬ್ಬನೇ ಮನುಷ್ಯ ಅರ್ಜಿದಾರನ ತಂದೆಯೂ ಅವನ ತಾಯಿಯ ಅಣ್ಣನೂ ಆಗಿರುವುದು ಹೇಗೆ ಎಂದು ತಿಳಿಯಲಿಲ್ಲ. ಜೂನ್ ಹದಿನೈದರ ಒಳಗೆ ದಾಖಲೆ ಸರಿಪಡಿಸಿ ಕಳಿಸತಕ್ಕದ್ದು.

ಜಯವರ್ಮರು ಎಲೆಯ ಮುಂದಿನಿಂದ ಎದ್ದರು. ಊಟ ಮಾಡಿರಲಿಲ್ಲ.

“ಇಂಥ ಪಾಪದ ಮಾತು ಯಾರು ಬರೆಸಿದ್ದು?”

ಕಮಲಾವತಿಯ ಕೈಯಲ್ಲಿ ತಿಮರೆ ಸೊಪ್ಪಿನ ಚಟ್ನಿಯ ಬಟ್ಟಲಿತ್ತು. ಅವಳು ಅದನ್ನು ನೆಲದ ಮೇಲಿಟ್ಟಳು.

“ನಾನೇ ಇರಬೇಕು ಅಣ್ಣ,” ಎಂದಳು.

ಅದು ನಲವತ್ನಾಲ್ಕನೆಯ ಇಸವಿ. ಪದ್ಮಯ್ಯನವರು ಮುಂಡಾಜೆಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಅಣ್ಣನಿಗೆ ಬಸದಿಯಲ್ಲಿ ಪೂಜೆಯಿದ್ದುದರಿಂದ ಅವಳೇ ಹುಡುಗನನ್ನು ಶಾಲೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿದ್ದವರು ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಮಾಸ್ಟ್ರು. ತುಳು ಬಾರದು. ತಲೆ ತಗ್ಗಿಸಿ, ಬಹಳ ಮರ್ಯಾದೆಯಿಂದ, “ನಿಮ್ಮ ಯಜಮಾನರ ಹೆಸರೇನಮ್ಮ?” ಎಂದು ಕೇಳಿದ್ದರು. ಅವರ ಊರಿನಲ್ಲಿ ಹೆಂಗಸಿನ ಯಜಮಾನರೆಂದರೆ ಗಂಡ. ಅವಳ ಮನೆಯಲ್ಲಿ ಯಜಮಾನರೆಂದರೆ ಅಣ್ಣ. ಅವಳು ಹುಟ್ಟಿದಂದಿನಿಂದ ಕೇಳಿದ್ದು ಒಂದೇ ಅರ್ಥ. “ಜಯವರ್ಮ,” ಎಂದಳು. ಮಾಸ್ಟ್ರು ಬರೆದುಕೊಂಡರು. ಎರಡು ವರ್ಷದ ನಂತರ ರಾಜೀವಿಯನ್ನು ಸೇರಿಸಿದಾಗ, ಸನತ್‌ಕುಮಾರನ ಪುಟ ನೋಡಿ ಅದನ್ನೇ ಬರೆದರು. ಮುಂದಿನ ಶಾಲೆ ಕಾಲೇಜುಗಳ ಪುಸ್ತಕಗಳಲ್ಲೆಲ್ಲ ‘ತಂದೆ ಅಥವಾ ಪೋಷಕ’ ಎಂದು ಒಂದೇ ಗೆರೆ ಇದ್ದುದರಿಂದ ಹದಿನೆಂಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬಂಟ್ವಾಳದ ರುಕ್ಮಯ್ಯ ವಕೀಲರು ಸನತ್‌ಕುಮಾರನಿಗೆ ದಾರಿ ಹೇಳಿಕೊಟ್ಟರು. ಮೂವರ ಹೇಳಿಕೆ ಬೇಕು: ತಾಯಿಯದು, ನಿಜವಾದ ತಂದೆಯದು, ತಪ್ಪಾಗಿ ಬರೆಯಲ್ಪಟ್ಟವರದು. ಮೂವರೂ ಬರೆದುಕೊಟ್ಟರೆ ಎಲ್ಲ ಕಾಗದದಲ್ಲೇ ಮುಗಿಯುತ್ತದೆ. ಯಾರಾದರೂ ಬರೆದುಕೊಡದಿದ್ದರೆ ತಾಯಿಯೇ ಮ್ಯಾಜಿಸ್ಟ್ರೇಟರ ಮುಂದೆ ನಿಂತು ಪ್ರಮಾಣ ಮಾಡಿ ಹೇಳಬೇಕು.

“ನಾನು ಎಂತ ಬರೆಯಬೇಕು?” ಎಂದು ಕೇಳಿದರು ಜಯವರ್ಮರು.

ಸನತ್‌ಕುಮಾರ ವಕೀಲರ ಒಕ್ಕಣೆ ಓದಿದ. “‘ಕಮಲಾವತಿಯವರು ನನ್ನ ಒಡಹುಟ್ಟಿದ ತಂಗಿ. ನಾನು ಅವರ ಗಂಡನಲ್ಲವೆಂದೂ ಅವರ ಮಕ್ಕಳ ತಂದೆಯಲ್ಲವೆಂದೂ…’”

“ಸಾಕು.”

“ಮಾವ, ಬರೀ ಒಂದು ರುಜು.”

“ಭಗವಂತನ ಮುಂದೆ ಅಕ್ಷತೆ ಹಿಡಿಯುವ ಕೈ ಇದು. ಇದರಲ್ಲಿ ‘ನಾನು ನನ್ನ ತಂಗಿಯ ಗಂಡನಲ್ಲ’ ಅಂತ ಬರೆಯಲಾ? ಅಲ್ಲ ಅಂತ ಹೇಳ್ಲಿಕ್ಕಾದರೂ ಆ ಮಾತು ಒಮ್ಮೆ ಬಾಯಿಗೆ ಬರಬೇಕಲ್ಲ?”

“ಬರೆಯದಿದ್ದರೆ ದಾಖಲೆಯಲ್ಲಿ ಹೌದು ಅಂತಲೇ ಉಳಿತದೆ.”

“ಶಾಲೆಯ ಕಪಾಟಿನಲ್ಲಿ ಗೆದ್ದಲು ತಿನ್ನುವ ಪುಸ್ತಕದಲ್ಲಿ ಉಳಿಯಲಿ. ಕೋರ್ಟಿನ ಬಾಗಿಲಲ್ಲಿ ಬೇಡ.” ಆಮೇಲೆ ಸ್ವರ ತಗ್ಗಿಸಿ ಅವರೇ ಒಂದು ಉಪಾಯ ಹೇಳಿದರು. “ಹೊಸ ಅರ್ಜಿ ಹಾಕು. ತಂದೆ ಜಯವರ್ಮ ಅಂತ ಬರಿ. ಅಮ್ಮನ ಹೆಸರು ಕೇಳಿದಲ್ಲಿ ಖಾಲಿ ಬಿಡು. ಸಾಕಿದ್ದು ನಾನೇ ಅಲ್ಲವಾ? ಎಂತ ಸುಳ್ಳು ಉಂಟು ಅದರಲ್ಲಿ?”

“ಬರೆದದ್ದೆಲ್ಲ ಸತ್ಯ ಅಂತ ಕೆಳಗೆ ರುಜು ಹಾಕ್ಬೇಕು ಮಾವ. ಅಪರಾಧದ ಓದಿಗೆ ಅಪರಾಧ ಮಾಡಿಯೇ ಸೇರುವುದಾ?”

“ಹಾಗಾದ್ರೆ ಸೇರ್ಬೇಡ.”

ಆ ವಾರ ಜಯವರ್ಮರು ಉಪವಾಸ ಹಿಡಿದರು. ಕೇಳಿದರೆ ಚತುರ್ದಶಿ ಎಂದರು. ಚತುರ್ದಶಿ ಕಳೆದ ಮೇಲೂ ಬಿಡಲಿಲ್ಲ. ಯಜಮಾನರು ಉಣ್ಣದ ಮನೆಯಲ್ಲಿ ಅನ್ನ ಬೇಯಿಸಿಟ್ಟು ಏನು ಮಾಡುವುದು? ಮೂರನೆಯ ದಿನ ಕಮಲಾವತಿ ಪಾತ್ರೆಯ ಅನ್ನ ದನದ ಬಾನಿಗೆ ಸುರಿದಳು.

“ನೀವೂ ಉಣ್ಣುವುದಿಲ್ಲವಾ?” ಎಂದಳು ರಾಜೀವಿ. “ನನಗೆ ಹಸಿವು ಉಂಟಮ್ಮ. ನಾನು ಯಾರ ಮಗಳಾದ್ರೂ ಹಸಿವು ಆಗ್ತದೆ.”

“ಬಾಯಿ ಮುಚ್ಚು.”

“ಎಲ್ಲರೂ ಬಾಯಿ ಮುಚ್ಚಿಯೇ ಹೀಗಾದದ್ದು.”

ಕಮಲಾವತಿ ಮಗಳಿಗೆ ಗಂಜಿ ಹಾಕಿಕೊಟ್ಟು ಜಗಲಿಯ ಕಂಬಕ್ಕೆ ಒರಗಿ ಕೂತಳು. ಅಣ್ಣ ಮಾಡಿದ್ದು ತಪ್ಪೆಂದು ಅವಳಿಗೆ ಅನಿಸಲಿಲ್ಲ. ಮಗ ಕೇಳಿದ್ದೂ ತಪ್ಪಲ್ಲ. ಮಾಸ್ಟ್ರು ಪಾಪ, ಮರ್ಯಾದೆಯಿಂದಲೇ ಕೇಳಿದ್ದರು. ಬಾಯಿಬಿಟ್ಟವಳು ತಾನು. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿದಳು.

ಮಡಂತ್ಯಾರಿನಲ್ಲಿ ಬಸ್ಸು ಬದಲಿಸಿ, ಬೆಳ್ತಂಗಡಿಯಲ್ಲಿ ಇನ್ನೊಂದು ಹಿಡಿದು, ಮುಂಡಾಜೆಯಲ್ಲಿ ಇಳಿಯುವಾಗ ಹನ್ನೊಂದು ದಾಟಿತ್ತು. ಪದ್ಮಯ್ಯನವರು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ನೋಡಿ ಗುರುತು ಹಿಡಿದರು. ಏಳಲಿಲ್ಲ, ಹಗ್ಗ ಬಿಡಲೂ ಇಲ್ಲ.

“ಮಕ್ಕಳು ಸೌಖ್ಯವಾ?”

“ಸೌಖ್ಯ.”

“ಒಳಗೆ ಬಾ. ಬೆಲ್ಲ ನೀರು ತಕ್ಕೊ.”

ಅವಳು ನೀರು ಕುಡಿದು, ನಡೆದದ್ದನ್ನೆಲ್ಲ ಹೇಳಿದಳು. ನಡುವೆ ಅಳು ಬರಬಹುದೆಂದು ಹೆದರಿದ್ದಳು, ಬರಲಿಲ್ಲ. ಪದ್ಮಯ್ಯನವರು ಕೇಳಿ ಕೇಳಿ ಕೊನೆಗೆ ನಕ್ಕೇಬಿಟ್ಟರು.

“ನನ್ನ ತಂಗಿಯ ಮಕ್ಕಳು ನಾಲ್ಕು ಜನ. ನಾಲ್ವರನ್ನೂ ಶಾಲೆಗೆ ಹಾಕಿದ್ದು ನಾನೇ. ಅವರ ಪುಸ್ತಕದಲ್ಲಿ ನಾನು ಎಂತ ಆಗಿದ್ದೇನೋ! ನೋಡಿಸಬೇಕು ಒಮ್ಮೆ.”

“ನಗುವ ಸಂಗತಿ ಅಲ್ಲ.”

“ಅಲ್ಲ,” ಎಂದು ಅವರು ಒಪ್ಪಿದರು. “ಜಯವರ್ಮ ರುಜು ಹಾಕುವುದಿಲ್ಲ ಅಲ್ಲವಾ? ನನಗೆ ಗೊತ್ತುಂಟು. ಅವನ ಜಾಗದಲ್ಲಿ ನಾನಾದ್ರೂ ಹಾಕ್ತಿರಲಿಲ್ಲ. ನಾನು ಬರ್ತೇನೆ. ದಿನ ಹೇಳಿ ಕಳಿಸು. ಆದ್ರೆ ಒಂದು ಮಾತು. ಬಂದು ಹೇಳಿ ಹೋಗ್ತೇನೆ, ಅಷ್ಟೇ. ಅದರ ಮೇಲೆ ಹುಡುಗ ನನ್ನ ಹತ್ತಿರ ಅಪ್ಪ ಅಂತ ಏನಾದ್ರೂ ಕೇಳ್ಲಿಕ್ಕೆ ಬರುವುದು ಬೇಡ. ಇಲ್ಲಿ ಕೊಡ್ಲಿಕ್ಕೆ ನನ್ನದು ಅಂತ ಎಂತದೂ ಇಲ್ಲ. ಎಲ್ಲ ತಂಗಿಯದು.”

ಅವಳು ಮನೆಗೆ ಮುಟ್ಟುವಾಗ ದೀಪ ಹಚ್ಚಿಯಾಗಿತ್ತು. ಜಯವರ್ಮರು ಜಗಲಿಯಲ್ಲಿದ್ದರು.

“ಮುಂಡಾಜೆಗೆ ಹೋಗಿದ್ದಿಯಾ?”

“ಹೌದು.”

“ನನಗೆ ಒಂದು ಮಾತು ಹೇಳ್ಬಹುದಿತ್ತು.”

“ಹೇಳಿದ್ರೆ ನೀವು ಬೇಡ ಅಂತಿದ್ರಿ. ಬೇಡ ಅಂದ ಮೇಲೆ ನನಗೆ ಹೋಗ್ಲಿಕ್ಕೆ ಆಗ್ತಿರಲಿಲ್ಲ.”

“ಕಮಲ,” ಎಂದರು ಜಯವರ್ಮರು, “ಹುಡುಗ ಬೇರೆ ಎಂತ ಬೇಕಾದ್ರೂ ಓದಲಿ. ಗದ್ದೆ ಒಂದು ಮಾರಿ ಮದ್ರಾಸಿಗೆ ಕಳಿಸ್ತೇನೆ, ಕಾನೂನು ಓದಲಿ. ನೀನು ಮಾತ್ರ ಆ ಕಟಕಟೆ ಹತ್ತಬೇಡ. ನಿನ್ನ ಬಾಯಿಯಿಂದ ಆ ಮಾತು ನಾಲ್ಕು ಜನ ಕೇಳಿದ ಮೇಲೆ ನಾನು ಬಸದಿಗೆ ಯಾವ ಮುಖ ಹೊತ್ತುಕೊಂಡು ಹೋಗಲಿ?”

ಅವಳು ಕಾಲು ತೊಳೆದು ಒಳಗೆ ಹೋದಳು. ಮರುದಿನ ಅಣ್ಣ ಉಪವಾಸ ಬಿಟ್ಟರು. ಅವಳೇ ಗಂಜಿ ಬಡಿಸಿದಳು. ತಾನು ಒಪ್ಪಿದ್ದೇನೆಂದು ಅಣ್ಣ ತಿಳಿದಿದ್ದಾರೆ. ಒಪ್ಪಿಲ್ಲವೆಂದು ಹೇಳುವ ಧೈರ್ಯ ಅವಳಿಗಿರಲಿಲ್ಲ.

ಮ್ಯಾಜಿಸ್ಟ್ರೇಟರು ರಜೆಯಲ್ಲಿದ್ದರು. ದಿನ ಸಿಕ್ಕಿದ್ದು ಜೂನ್ ಹನ್ನೆರಡಕ್ಕೆ. ಹದಿನೈದಕ್ಕೆ ದಾಖಲೆ ಮುಂಬಯಿ ಮುಟ್ಟಬೇಕು. ಸನತ್‌ಕುಮಾರ ಹತ್ತು ದಿನ ಹೆಚ್ಚಿಗೆ ಕೊಡಿ ಎಂದು ತಂತಿ ಹೊಡೆದ. ಉತ್ತರ ಬರಲಿಲ್ಲ.

“ಬಾರದಿದ್ದರೂ ಹೋಗುವ,” ಎಂದಳು ಕಮಲಾವತಿ.

“ಬೇಡಮ್ಮ. ಈಗ ಹೋಗಿ ಎಂತ ಪ್ರಯೋಜನ? ಮಾವನಿಗೂ ನೋವು.”

“ಕೊಡುವುದಿಲ್ಲ ಅಂತ ಅವರು ಹೇಳಿಲ್ಲವಲ್ಲ?”

“ಹೇಳಿಲ್ಲ.”

“ಮತ್ತೆ?”

ಬಂಟ್ವಾಳದ ಕೋರ್ಟಿನಲ್ಲಿ ಅಂದು ಜನ ಬಹಳವಿರಲಿಲ್ಲ. ಒಂದು ದನದ ಕೇಸು, ಒಂದು ಜಗಳದ ಕೇಸು, ಕಾಯುತ್ತ ಕೂತ ಹತ್ತಿಪ್ಪತ್ತು ಮಂದಿ. ಪದ್ಮಯ್ಯನವರು ಹೇಳಿದ ಮಾತಿಗೆ ತಪ್ಪದೆ, ಒಗೆದ ಶಾಲು ಹೊದ್ದು ಬಂದಿದ್ದರು. ಕಮಲಾವತಿ ಸೆರಗು ಹೊದ್ದು ನಿಂತಳು. ಮನಸ್ಸಿನಲ್ಲಿ ಣಮೋಕಾರ ಮಂತ್ರ ಹೇಳಿಕೊಳ್ಳಲು ಹೋದಳು. ಎರಡನೆಯ ಸಾಲಿಗೆ ನಿಂತುಹೋಯಿತು.

“ಈ ದಾಖಲೆಯಲ್ಲಿ ಕಾಣಿಸಿದ ಜಯವರ್ಮ ಎಂಬವರು ನಿಮಗೆ ಏನಾಗಬೇಕು?”

“ಅಣ್ಣ.”

“ಗಂಡನಲ್ಲ?”

“ಅಲ್ಲ.”

“ಪೂರಾ ಹೇಳಬೇಕು,” ಎಂದರು ರುಕ್ಮಯ್ಯ ವಕೀಲರು ಮೆಲ್ಲಗೆ.

“ಜಯವರ್ಮ ನನ್ನ ಗಂಡ ಅಲ್ಲ,” ಎಂದಳು ಕಮಲಾವತಿ. ಅಣ್ಣನ ಹೆಸರನ್ನು ಹೀಗೆ ಬೋಳಾಗಿ ಅವಳು ಅದುವರೆಗೆ ಹೇಳಿದ್ದು ಒಂದೇ ಬಾರಿ, ಆ ಶಾಲೆಯಲ್ಲಿ. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು, ಇನ್ಯಾರೋ ನಕ್ಕರು. ದನದ ಕೇಸಿಗೆ ಬಂದಿದ್ದ ಮೂಡುಬಿದಿರೆಯವನೊಬ್ಬ ಕುತ್ತಿಗೆ ಉದ್ದ ಮಾಡಿ ನೋಡಿದ.

ಹೊರಗೆ ಪದ್ಮಯ್ಯನವರು ಮಗನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದರು. “ಎತ್ತರ ನನ್ನದೇ,” ಎಂದರು. ಸನತ್‌ಕುಮಾರ ಕಾಲು ಮುಟ್ಟಲು ಬಗ್ಗಿದ. “ಇರಲಿ ಇರಲಿ. ನನಗೆ ಬೆಳ್ತಂಗಡಿಯ ಬಸ್ಸು ಉಂಟು,” ಎಂದು ಅವರು ಕೊಡೆ ಬಿಡಿಸಿದರು.

ಆ ಮಾತು ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಜಯವರ್ಮರು ಬೈಯಲಿಲ್ಲ. ಉಪವಾಸವನ್ನೂ ಹಿಡಿಯಲಿಲ್ಲ. ಎಂದಿನಂತೆ ಬೆಳಿಗ್ಗೆ ಬಸದಿಗೆ ಹೋದರು; ಒಂದು ಗಂಟೆ ಕೂರುತ್ತಿದ್ದವರು ಪ್ರದಕ್ಷಿಣೆ ಹಾಕಿ ಬಂದುಬಿಟ್ಟರು. ಊಟಕ್ಕೆ ಕೂತಾಗ, “ರಾಜೀವಿ, ಬಡಿಸು,” ಎಂದರು. ಅಂದಿನಿಂದ ಬಡಿಸುವುದು ರಾಜೀವಿ. ಕಮಲಾವತಿ ಒಲೆಯ ಬಳಿ ಇರುತ್ತಿದ್ದಳು. ಅಣ್ಣ ಅವಳೊಡನೆ ಮಾತು ಬಿಟ್ಟರೆಂದೂ ಹೇಳುವ ಹಾಗಿರಲಿಲ್ಲ. ಮಾತಾಡುವ ಸಂದರ್ಭವೇ ಬಾರದ ಹಾಗೆ ನೋಡಿಕೊಂಡರು.

ತಿದ್ದಿದ ದಾಖಲೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ, ಮೊಹರು ಹಾಕಿಸಿಕೊಂಡು ಕೈಗೆ ಬರುವಾಗ ಜುಲೈ ಒಂಬತ್ತು. ಸನತ್‌ಕುಮಾರ ಅದೇ ದಿನ ರಿಜಿಸ್ಟರು ಮಾಡಿದ. ಮುಂಬಯಿಯಿಂದ ಎರಡೇ ಸಾಲು ಬಂತು. ಅವನು ಶನಿವಾರ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ತಾಯಿಗೆ ಹೇಳಿದ.

“ಜಾಗ ಜೂನ್ ಇಪ್ಪತ್ತಕ್ಕೇ ಬೇರೆಯವರಿಗೆ ಕೊಟ್ಟಾಯ್ತಂತೆ.”

“ಬರುವ ವರ್ಷ?”

“ಪ್ರಾಯ ಮೀರ್ತದಮ್ಮ. ಎರಡು ತಿಂಗಳಿಗೆ.”

“ಬರೆದು ಕೇಳಿದ್ರೆ?”

“ಎಂತ ಅಂತ ಬರೆಯುವುದು?” ಅವನು ಕಾಗದ ಮಡಚಿದ. “ಜೈಲಿನಲ್ಲಿ ನನ್ನನ್ನು ಖಾಯಂ ಮಾಡ್ತಾರಂತೆ. ಬಂದವರ ಹೆಸರು, ಅಪ್ಪನ ಹೆಸರು, ಊರು ಬರೆದುಕೊಳ್ಳುವುದು. ಮಾವನಿಗೆ ಹೇಳಿ. ಅವರಿಗೆ ಸಮಾಧಾನ ಆಗ್ಬಹುದು.”

“ನೀನೇ ಹೇಳು.”

“ನನಗೆ ಮುಖ ಇಲ್ಲ,” ಎಂದು ಅವನು ಹಿತ್ತಲಿಗೆ ಹೋದ.

ಆ ದಿನ ರಾಜೀವಿ ಹೊರಗೆ ಕೂತಿದ್ದಳು. ಮೂರು ದಿನ ಒಳಗೆ ಬರುವ ಹಾಗಿಲ್ಲ. ಹೊತ್ತು ಬಾಗುತ್ತಿತ್ತು. ಜಯವರ್ಮರು ಬಂದು ಮಣೆಯ ಮೇಲೆ ಕೂತರು, ಎಲೆಗೆ ನೀರು ಚಿಮುಕಿಸಿದರು, ಕಾದರು. ಯಾರೂ ಬಾರದ್ದನ್ನು ನೋಡಿ ಅಡಿಗೆಮನೆಯ ಕಡೆ ಮುಖ ಮಾಡಿದರು.

ಕಮಲಾವತಿ ಅನ್ನದ ಪಾತ್ರೆ ಹಿಡಿದುಕೊಂಡು ಬಂದಳು. ಒಂದು ತಿಂಗಳ ಮೇಲೆ ಅವಳು ಅಣ್ಣನ ಎಲೆಯ ಮುಂದೆ ನಿಂತದ್ದು ಅದೇ ಮೊದಲು.

“ಅಣ್ಣ, ಹುಡುಗನಿಗೆ ಮುಂಬಯಿ ಇಲ್ಲವಂತೆ.”

“ಕೇಳಿತು.”

“ನೀವು ಹೇಳಿದ ಹಾಗೆ ಮದ್ರಾಸಿಗೆ…”

“ಅವನಿಗೆ ಈಗ ತಂದೆ ಉಂಟಲ್ಲ, ಕೋರ್ಟೇ ಕೊಟ್ಟದ್ದು. ಅವರ ಹತ್ತಿರ ಕೇಳಲಿ.” ಸ್ವರದಲ್ಲಿ ಸಿಟ್ಟಿರಲಿಲ್ಲ. ಹೊತ್ತು ನೋಡಿ ಹೇಳಿದ ಹಾಗಿತ್ತು.

ಅವಳು ಸೌಟು ಎತ್ತಿಕೊಂಡಳು. ಬಗ್ಗಿ ಕೇಳಿದಳು, “ಬಡಿಸಲಾ?”

“ಬಡಿಸಿ,” ಎಂದರು ಜಯವರ್ಮರು.

ಕಮಲಾವತಿಗೆ ಮೊದಲು ಸರಿಯಾಗಿ ಕೇಳಿಸಲಿಲ್ಲ ಎನಿಸಿತು. ತೊಟ್ಟಿಲಿನಲ್ಲಿದ್ದಾಗಿನಿಂದ ತನ್ನನ್ನು ‘ನೀನು’ ಎಂದವರು. ಬೈಯುವಾಗಲೂ, ಉಪವಾಸದ ಆ ರಾತ್ರಿ ಬೇಡಿಕೊಳ್ಳುವಾಗಲೂ ‘ನೀನು’ ಎಂದವರು. ಅವಳು ಒಂದು ಸೌಟು ಅನ್ನ ಹಾಕಿದಳು. ಎರಡನೆಯ ಸೌಟು ಎತ್ತುವಾಗ ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ವೇಣೂರಿಗೆ ಹಬ್ಬಕ್ಕೆ ಹೋದಾಗ ಆ ಮನೆಯ ಹೆಂಗಸರಿಗೆ ಹೇಳುವ ಹಾಗೆ, ತಲೆ ಎತ್ತದೆ, ಬಹಳ ಮರ್ಯಾದೆಯಿಂದ ಹೇಳಿದರು:

“ಸಾಕಮ್ಮ. ನೀವು ಉಣ್ಣಿ, ಹೊತ್ತಾಗ್ತದೆ.”